ಮನೆಯಂಗಳದಲ್ಲಿ ಮಾಂಸಕ್ಕೆ ಹೊಗೆ ಕೊಡುವುದು: ಹೊಸಬರಿಗೆ ಬೇಕಾದ ಸಲಕರಣೆಗಳು ಮತ್ತು ಮೊದಲ ದಿನದ ಕ್ರಮ

ಹಸಿ ಸೌದೆ ಇಟ್ಟ ಒಲೆಯ ಮುಂದೆ ಕೂತವರಿಗೆ ಹೊಗೆಯಲ್ಲಿ ಎರಡು ಬಗೆ ಇದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳ್ಳಗೆ ದಟ್ಟವಾಗಿ ಎದ್ದು ಕಣ್ಣಲ್ಲಿ ನೀರು ತರಿಸುವ ಹೊಗೆ ಒಂದು. ಒಲೆ ಚೆನ್ನಾಗಿ ಹೊತ್ತಿಕೊಂಡ ಮೇಲೆ ಹೆಂಚಿನ ಸಂದಿಯಿಂದ ತೆಳ್ಳಗೆ, ನೀಲಿ ಛಾಯೆಯಲ್ಲಿ, ಇದೆಯೋ ಇಲ್ಲವೋ ಎಂಬಂತೆ ಹೊರಡುವ ಹೊಗೆ ಇನ್ನೊಂದು. ಅಮೆರಿಕದವರು ಬಾರ್ಬೆಕ್ಯೂ ಎಂದು ಕರೆಯುವ, ಮಾಂಸವನ್ನು ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಹೊಗೆಯೊಂದಿಗೆ ಬೇಯಿಸುವ ವಿದ್ಯೆಯ ಅರ್ಧ ಭಾಗ ಈ ಎರಡನೆಯ ಹೊಗೆಯನ್ನು ಪಡೆಯುವುದರಲ್ಲಿದೆ. ಉಳಿದರ್ಧ ಕಾವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದರಲ್ಲಿದೆ. ಮಸಾಲೆ, ಸಾಸ್, ದುಬಾರಿ ಯಂತ್ರ ಎಲ್ಲವೂ ಇವೆರಡರ ನಂತರದ ಮಾತು.

ನಾನಿರುವುದು ಮಧ್ಯ ಟೆಕ್ಸಸ್‌ನಲ್ಲಿ. ಆಸ್ಟಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಲಾಕ್‌ಹಾರ್ಟ್ ಎಂಬ ಸಣ್ಣ ಊರಿನಲ್ಲಿ ಹೊಗೆ ಕೊಟ್ಟ ಮಾಂಸವನ್ನು ಇಂದಿಗೂ ಕಾಗದದ ಮೇಲೆ ಬಡಿಸುತ್ತಾರೆ. ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದಂಗಡಿಗಳಲ್ಲಿ ಮಾರಾಟವಾಗದೆ ಉಳಿದ ತುಂಡುಗಳಿಗೆ ಹೊಗೆ ಕೊಟ್ಟು, ಕಾಗದದಲ್ಲಿ ಸುತ್ತಿ ಮಾರುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯ ರೂಢಿ ಅದು. ಪೂರ್ವದ ರಾಜ್ಯಗಳ ಕಡೆಗೆ ಹೋದರೆ, ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದ ಅಡುಗೆಯವರು ನೆಲದ ಗುಂಡಿಗಳಲ್ಲಿ ಬೆಳೆಸಿದ ಇನ್ನೂ ಹಳೆಯ ಪರಂಪರೆ ಸಿಗುತ್ತದೆ. ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಮಾಂಸ ತಿನ್ನುವವರು ಒಂದೆರಡು ವರ್ಷದೊಳಗೆ ಹಿತ್ತಲಿಗೊಂದು ಸ್ಮೋಕರ್, ಅಂದರೆ ಹೊಗೆಯಲ್ಲಿ ಬೇಯಿಸುವ ಮುಚ್ಚಳದ ಒಲೆ, ತಂದಿಡುವುದು, ಮೊದಲ ಪ್ರಯತ್ನದಲ್ಲೇ ಮಾಂಸ ಕಹಿಯಾಗುವುದು, ಆಮೇಲೆ ಆ ಸ್ಮೋಕರ್ ಟಾರ್ಪಾಲಿನ ಕೆಳಗೆ ಮೂಲೆ ಸೇರುವುದು, ಮೂರನ್ನೂ ನಾನು ಕಂಡಿದ್ದೇನೆ. ನನ್ನದೂ ಒಂದು ವರ್ಷ ಮೂಲೆಯಲ್ಲಿತ್ತು.

ಇಲ್ಲಿ ಹೇಳುತ್ತಿರುವುದು ಬಿಸಿ ಹೊಗೆಯ ಕ್ರಮವನ್ನು ಮಾತ್ರ, ಅಂದರೆ ಹೊಗೆ ಹಿಡಿಯುತ್ತಲೇ ಮಾಂಸ ಪೂರ್ತಿ ಬೇಯುವ ಕ್ರಮವನ್ನು. ಕೊಡಗಿನ ಮನೆಗಳಲ್ಲಿ ಉಪ್ಪು ಹಚ್ಚಿದ ಹಂದಿ ಮಾಂಸದ ಪಟ್ಟಿಗಳನ್ನು ಒಲೆಯ ಮೇಲೆ ತೂಗುಹಾಕಿ ದಿನಗಟ್ಟಲೆ ಒಣಗಿಸುವುದು ಬೇರೆಯೇ ವಿದ್ಯೆ; ಅದು ಮಾಂಸವನ್ನು ಕಾದಿಡುವುದಕ್ಕಾಗಿ ಇರುವುದು. ತಣ್ಣನೆಯ ಹೊಗೆಯಲ್ಲಿ ಬೇಕನ್ ಅಥವಾ ಸಾಸೇಜ್ ಮಾಡುವುದಕ್ಕೆ ನೈಟ್ರೈಟ್ ಬೆರೆತ ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಬೇಕಾಗುತ್ತದೆ. ಅಲ್ಲಿ ತಪ್ಪಿದರೆ ಬಾಟ್ಯುಲಿಸಂನಂತಹ ಪ್ರಾಣಾಂತಿಕ ವಿಷಬಾಧೆಯ ಅಪಾಯವಿರುವುದರಿಂದ, ಹೊಸಬರು ಸದ್ಯಕ್ಕೆ ಆ ಕಡೆ ಹೋಗಬಾರದು.

ಮೊದಲು ಥರ್ಮಾಮೀಟರ್, ಆಮೇಲೆ ಸ್ಮೋಕರ್

ಕೈಯಲ್ಲಿರುವ ಹಣಕ್ಕೆ ಒಂದೇ ಒಂದು ಒಳ್ಳೆಯ ಸಲಕರಣೆ ಕೊಳ್ಳಬಹುದೆಂದಾದರೆ ಅದು ಥರ್ಮಾಮೀಟರ್ ಆಗಿರಲಿ. ಸ್ಮೋಕರಿನ ಮುಚ್ಚಳದ ಮೇಲೆ ಕೂರಿಸಿರುವ ಗುಂಡನೆಯ ಮಾಪಕ ತೋರಿಸುವುದು ಮುಚ್ಚಳದ ಕೆಳಗಿನ ಗಾಳಿಯ ಉಷ್ಣತೆಯನ್ನು. ಮಾಂಸ ಕೂತಿರುವ ಜಾಲರಿಯ ಮಟ್ಟದಲ್ಲಿ ಅದು ಹತ್ತಿಪ್ಪತ್ತು ಡಿಗ್ರಿ ಹೆಚ್ಚೋ ಕಡಿಮೆಯೋ ಇರಬಹುದು. ಆದುದರಿಂದ ಎರಡು ತಂತಿಗಳಿರುವ ಡಿಜಿಟಲ್ ಥರ್ಮಾಮೀಟರ್ ಬೇಕು: ಒಂದು ತಂತಿಯ ತುದಿ ಜಾಲರಿಯ ಮೇಲೆ ಮಾಂಸದ ಪಕ್ಕದಲ್ಲಿ, ಇನ್ನೊಂದರ ತುದಿ ಮಾಂಸದ ಅತ್ಯಂತ ದಪ್ಪ ಭಾಗದ ನಡುವೆ, ಮೂಳೆಗೆ ತಾಗದಂತೆ. ಇದರ ಜೊತೆಗೆ, ಚುಚ್ಚಿದ ಎರಡು ಮೂರು ಸೆಕೆಂಡಿನಲ್ಲಿ ಉಷ್ಣತೆ ತೋರಿಸುವ ಪೆನ್ನಿನಂತಹ ಇನ್ನೊಂದು ಇದ್ದರೆ ಕೊನೆಯ ಹಂತದಲ್ಲಿ ಅನುಕೂಲ.

ತಂದ ದಿನವೇ ಅದನ್ನು ಪರೀಕ್ಷಿಸಬೇಕು. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದಿಗಳು ತುಂಬುವಷ್ಟೇ ನೀರು ಹೊಯ್ದು, ತುದಿಯನ್ನು ಲೋಟದ ಗೋಡೆಗೆ ತಾಗಿಸದೆ ನಡುವೆ ಹಿಡಿದು ಒಂದು ನಿಮಿಷ ಕಲಕಿದರೆ ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆಯಾದರೆ ಚಿಂತೆಯಿಲ್ಲ. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿ ನೂರು ತೋರಿಸಲಿಲ್ಲವೆಂದು ಥರ್ಮಾಮೀಟರನ್ನು ಅಂಗಡಿಗೆ ಹಿಂದಿರುಗಿಸುವುದು ಅನ್ಯಾಯ. ಈ ಬರಹದಲ್ಲಿ ಬರುವ ಉಷ್ಣತೆಗಳೆಲ್ಲ ಸೆಲ್ಸಿಯಸ್‌ನಲ್ಲಿವೆ. ಅಮೆರಿಕದ ಪಾಕಕ್ರಮಗಳಲ್ಲಿ ಮತ್ತೆ ಮತ್ತೆ ಬರುವ 225ರಿಂದ 250 ಫ್ಯಾರನ್‌ಹೀಟ್ ಎಂದರೆ ಸರಿಸುಮಾರು 107ರಿಂದ 121.

ಸ್ಮೋಕರ್‌ಗಳಲ್ಲಿ ಹಲವು ಜಾತಿ. ಪಕ್ಕದಲ್ಲಿ ಪ್ರತ್ಯೇಕ ಬೆಂಕಿಗೂಡು ಇರುವ ಆಫ್‌ಸೆಟ್ ಸ್ಮೋಕರ್ ನೋಡಲು ಉಗಿಬಂಡಿಯಂತೆ ಗಂಭೀರವಾಗಿರುತ್ತದೆ. ಟೆಕ್ಸಸ್‌ನ ಹೋಟೆಲುಗಳು ಬಳಸುವುದೂ ಅದರ ದೊಡ್ಡ ರೂಪವನ್ನೇ. ಆದರೆ ಅಗ್ಗದ ಬೆಲೆಗೆ ಸಿಗುವ ತೆಳು ತಗಡಿನ ಆಫ್‌ಸೆಟ್‌ನಲ್ಲಿ ಸಂದಿಸಂದಿಯಿಂದ ಗಾಳಿ ಸೋರುತ್ತದೆ, ಅರ್ಧ ಗಂಟೆಗೊಮ್ಮೆ ಸೌದೆ ಇಡುತ್ತಿರಬೇಕು, ಹೊಸಬರು ಮಧ್ಯಾಹ್ನದ ಹೊತ್ತಿಗೆ ಸೋತುಹೋಗುತ್ತಾರೆ. ಮರದ ಪುಡಿಯ ಗುಳಿಗೆಗಳನ್ನು ಮೋಟಾರಿನಿಂದ ತಾನೇ ತಳ್ಳಿಕೊಳ್ಳುವ ಪೆಲೆಟ್ ಗ್ರಿಲ್ ಓವನ್‌ನಷ್ಟು ಸುಲಭ. ಹೊಗೆಯ ರುಚಿ ಸ್ವಲ್ಪ ಸೌಮ್ಯ, ಬೆಲೆ ಸೌಮ್ಯವಲ್ಲ. ವಿದ್ಯುತ್ ಸ್ಮೋಕರ್ ಕೆಲಸ ಮಾಡುತ್ತದೆ, ಆದರೆ ಬೆಂಕಿಯನ್ನು ಕಲಿಸುವುದಿಲ್ಲ.

ನನ್ನ ಶಿಫಾರಸು ಮುಚ್ಚಳವಿರುವ ಗುಂಡನೆಯ ಕೆಟಲ್ ಗ್ರಿಲ್. ಶಿಕಾಗೋ ಬಳಿಯ ವೆಬರ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ, ನೀರಿನಲ್ಲಿ ತೇಲಿಬಿಡುವ ಲೋಹದ ಬಾಯ್ ಒಂದನ್ನು ನಡುವೆ ಕತ್ತರಿಸಿ, ಕೆಳಗಿನರ್ಧವನ್ನು ಒಲೆಯಾಗಿಯೂ ಮೇಲಿನರ್ಧವನ್ನು ಮುಚ್ಚಳವಾಗಿಯೂ ಮಾಡಿಕೊಂಡದ್ದು ಇದರ ಮೂಲ. ಸುಮಾರು 57 ಸೆಂಟಿಮೀಟರ್ ಅಗಲದ ಒಂದು ಕೆಟಲ್ ಸಾಕು: ವಾರದ ದಿನ ಕಬಾಬ್ ಸುಡಬಹುದು, ಭಾನುವಾರ ಹೊಗೆ ಕೊಡಬಹುದು. ತಳದಲ್ಲಿ ಗಾಳಿ ಒಳಬರುವ ಕಂಡಿ, ಮುಚ್ಚಳದಲ್ಲಿ ಹೊಗೆ ಹೊರಹೋಗುವ ಕಂಡಿ, ಎರಡನ್ನೂ ಬೇಕಾದಷ್ಟು ತೆರೆದು ಮುಚ್ಚಲು ಬರುವಂತಿದ್ದರೆ ಯಾವ ಕಂಪನಿಯದಾದರೂ ಅಡ್ಡಿಯಿಲ್ಲ. ಹೊಸ ಗ್ರಿಲ್ಲನ್ನು ಒಮ್ಮೆ ಮಾಂಸವಿಲ್ಲದೆ ಒಂದು ಗಂಟೆ ಚೆನ್ನಾಗಿ ಉರಿಸಿ, ಕಾರ್ಖಾನೆಯ ಎಣ್ಣೆ ಜಿಡ್ಡನ್ನು ಸುಟ್ಟು ತೆಗೆಯಬೇಕು.

ಊರಲ್ಲಿ ಗುಜರಿಯಿಂದ ಡ್ರಮ್ ತಂದು ವೆಲ್ಡಿಂಗ್ ಅಂಗಡಿಯಲ್ಲಿ ಸ್ಮೋಕರ್ ಮಾಡಿಸುವವರಿದ್ದಾರೆ. ಕೆಲಸ ಒಳ್ಳೆಯದೇ. ಆದರೆ ರಾಸಾಯನಿಕ ತುಂಬಿದ್ದ ಡ್ರಮ್ ಯಾವ ಕಾರಣಕ್ಕೂ ಬೇಡ. ಒಳಗೆ ಬಣ್ಣ ಬಳಿದಿದ್ದರೆ ಅದನ್ನು ಪೂರ್ತಿ ಸುಟ್ಟು ಉಜ್ಜಿ ತೆಗೆಯಬೇಕು. ಸತುವಿನ ಲೇಪವಿರುವ ಜಿ.ಐ. ತಗಡು ಅಥವಾ ಜಾಲರಿ ಬೆಂಕಿಯ ಹತ್ತಿರ ಎಲ್ಲಿಯೂ ಇರಕೂಡದು, ಏಕೆಂದರೆ ಹೆಚ್ಚು ಕಾದ ಸತುವಿನ ಹಬೆ ಜ್ವರ ತರಿಸುವಂಥದು.

ಉಳಿದ ಸಾಮಾನುಗಳು ಸಣ್ಣವು. ಇದ್ದಿಲು ಹೊತ್ತಿಸಲು ಚಿಮಣಿ ಸ್ಟಾರ್ಟರ್ ಎಂಬ ಹಿಡಿಯಿರುವ ತಗಡಿನ ಕೊಳವೆ ಬೇಕು. ಮೇಲೆ ಇದ್ದಿಲು ತುಂಬಿ, ಕೆಳಗೆ ಎರಡು ಹಾಳೆ ಹಳೆಯ ಪತ್ರಿಕೆ ಉಂಡೆ ಮಾಡಿಟ್ಟು ಕಡ್ಡಿ ಗೀರಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಕೆಂಡ ಸಿದ್ಧ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಹತ್ತಿರವೂ ಬರಬಾರದು: ಬೆಂಕಿಯ ಅಪಾಯ ಒಂದು ಕಡೆ, ಆ ವಾಸನೆ ಮಾಂಸದಿಂದ ಹೋಗುವುದೇ ಇಲ್ಲ ಎಂಬುದು ಇನ್ನೊಂದು ಕಡೆ. ಉದ್ದನೆಯ ಇಕ್ಕಳ, ದಪ್ಪ ಕೈಗವಸು, ನೀರಿಡಲು ಮತ್ತು ಜಿನುಗುವ ಕೊಬ್ಬು ಹಿಡಿಯಲು ಅಲ್ಯುಮಿನಿಯಂ ಟ್ರೇ, ಸುತ್ತಲು ದಪ್ಪ ಫಾಯಿಲ್ ಅಥವಾ ಮೇಣ ಹಚ್ಚದ ಕಂದು ಬಣ್ಣದ ಬುಚರ್ ಪೇಪರ್, ಬೂದಿಗೆ ಮುಚ್ಚಳವಿರುವ ಲೋಹದ ಡಬ್ಬಿ, ಇಷ್ಟಿದ್ದರೆ ಆಯಿತು. ಅಂಗಡಿಯ ಗೋಡೆಯ ಮೇಲೆ ತೂಗುಹಾಕಿರುವ ಉಳಿದೆಲ್ಲವನ್ನೂ ನೋಡಿ ಸಂತೋಷಪಟ್ಟು ಮುಂದೆ ಹೋಗಬಹುದು.

ಇದ್ದಿಲು ಮತ್ತು ಸೌದೆ

ಕೆಟಲ್ ಗ್ರಿಲ್ಲಿನಲ್ಲಿ ಕಾವು ಕೊಡುವುದು ಇದ್ದಿಲು, ರುಚಿ ಕೊಡುವುದು ಅದರ ಮೇಲಿಡುವ ನಾಲ್ಕೈದು ಸೌದೆ ತುಂಡುಗಳು. ಇದ್ದಿಲು ಪುಡಿಯನ್ನು ಅಚ್ಚಿಗೆ ಒತ್ತಿ ಮಾಡಿದ, ಒಂದೇ ಗಾತ್ರದ ಬ್ರಿಕೆಟ್‌ಗಳು ನಿಧಾನವಾಗಿ, ಒಂದೇ ಸಮನೆ ಉರಿಯುವುದರಿಂದ ಮೊದಲ ಸಲಕ್ಕೆ ಅವೇ ಉತ್ತಮ. ಊರಿನ ಇದ್ದಿಲು ಡಿಪೋದಲ್ಲಿ ಸಿಗುವ ಮರದ ಇದ್ದಿಲಿನಲ್ಲಿ ಪುಡಿಯನ್ನು ಜರಡಿ ಹಿಡಿದು ತೆಗೆದು, ಮುಷ್ಟಿಗಾತ್ರದ ತುಂಡುಗಳನ್ನಷ್ಟೇ ಆರಿಸಿಕೊಳ್ಳಬೇಕು. ಪುಡಿ ಗಾಳಿಯ ದಾರಿಯನ್ನು ಕಟ್ಟುತ್ತದೆ.

ಸೌದೆ ಗಟ್ಟಿ ಮರದ್ದಾಗಿರಬೇಕು, ಕನಿಷ್ಠ ಆರು ತಿಂಗಳಾದರೂ ಒಣಗಿರಬೇಕು. ಮಧ್ಯ ಟೆಕ್ಸಸ್‌ನಲ್ಲಿ ಪೋಸ್ಟ್ ಓಕ್, ಇತರ ಕಡೆ ಹಿಕರಿ, ಸೇಬು, ಚೆರ್ರಿ, ಪೀಕನ್ ಮರಗಳನ್ನು ಬಳಸುತ್ತಾರೆ. ಕರ್ನಾಟಕದಲ್ಲಿ ಸೀಬೆ, ನೇರಳೆ, ಹುಣಸೆ ಚೆನ್ನಾಗಿ ಒದಗುತ್ತವೆ. ತೆಂಗಿನ ಚಿಪ್ಪು ಬೇಗ ಉರಿದುಹೋಗುವುದರಿಂದ ಕೋಳಿಗೆ ಸಾಕು, ದೊಡ್ಡ ತುಂಡಿಗೆ ಸಾಲದು. ಇಲ್ಲೊಂದು ಕುತೂಹಲದ ಸಂಗತಿ: ಟೆಕ್ಸಸ್‌ನವರು ಮೆಸ್ಕೀಟ್ ಎಂದು ಬೆಲೆ ಕೊಟ್ಟು ಕೊಳ್ಳುವ ಮರವೂ, ನಮ್ಮ ಬಯಲುಸೀಮೆಯ ಕೆರೆ ಅಂಗಳಗಳನ್ನು ನುಂಗಿ ಹಾಕಿದೆಯೆಂದು ಎಲ್ಲರೂ ಶಪಿಸುವ ಬಳ್ಳಾರಿ ಜಾಲಿಯೂ ಒಂದೇ ಕುಲದವು. ಅದರ ಹೊಗೆ ಬಲು ಖಾರ. ಒಂದು ಸಣ್ಣ ತುಂಡಿಗಿಂತ ಹೆಚ್ಚು ಹಾಕಿದರೆ ದೀರ್ಘಕಾಲದ ಅಡುಗೆ ಕಹಿಯಾಗುತ್ತದೆ, ಇದ್ದಿಲಾಗಿ ಮಾತ್ರ ಅದು ಬಹಳ ಒಳ್ಳೆಯದು.

ಯಾವುದು ಬೇಡ ಎಂಬುದು ಇದಕ್ಕಿಂತ ಮುಖ್ಯ. ಪೈನ್, ನೀಲಗಿರಿಯಂತಹ ರಾಳ ಮತ್ತು ಎಣ್ಣೆ ತುಂಬಿದ ಮರಗಳು ಬೇಡ. ಕಣಗಿಲೆಯ ಪ್ರತಿಯೊಂದು ಭಾಗವೂ ವಿಷ, ಅದರ ಹೊಗೆಯೂ ವಿಷ. ಬೇಲಿಯಿಂದ ಕಡಿದ ಕಟ್ಟಿಗೆಯಲ್ಲಿ ಅದು ಸೇರಿರದಂತೆ ನೋಡಿಕೊಳ್ಳಬೇಕು. ಪ್ಲೈವುಡ್, ಬಣ್ಣ ಬಳಿದ ಹಳೆಯ ಬಾಗಿಲು, ಗೆದ್ದಲು ಔಷಧಿ ಹೊಡೆದ ಹಲಗೆ, ಎಲ್ಲಿಂದ ಬಂತೆಂದು ತಿಳಿಯದ ಪ್ಯಾಕಿಂಗ್ ಮರ, ಇವು ಯಾವುವೂ ಆಹಾರದ ಹತ್ತಿರ ಸುಳಿಯಬಾರದು. ಸೌದೆಯನ್ನು ನೀರಿನಲ್ಲಿ ನೆನೆಸಿಡಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನೆನೆಸಿದ ಮರ ಮೊದಲು ಹಬೆಯಾಡುತ್ತದೆ, ಬೆಂಕಿಯನ್ನು ತಣಿಸುತ್ತದೆ, ಆಮೇಲೆ ಮೊದಲು ಹೇಳಿದ ಬಿಳಿ ಹೊಗೆ ಕೊಡುತ್ತದೆ. ಒಣ ಮರವೇ ಸರಿ.

ಮೊದಲ ಮಾಂಸ ಯಾವುದಿರಲಿ

ಟೆಕ್ಸಸ್‌ನ ಹೆಸರು ಕೇಳಿದವರೆಲ್ಲ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಆರೇಳು ಕಿಲೋ ತೂಗುವ ತುಂಡಿನಿಂದ ಶುರುಮಾಡಲು ಹೊರಡುತ್ತಾರೆ. ಅದು ಹೊಸಬರ ಮಾಂಸವಲ್ಲ. ತೆಳುವಾದ ಒಂದು ಬದಿ ಒಣಗುವ ಹೊತ್ತಿಗೆ ದಪ್ಪನೆಯ ಇನ್ನೊಂದು ಬದಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಮೂಳೆಸಹಿತ ಹಂದಿಯ ಭುಜದ ಮಾಂಸವಾದರೋ ಕ್ಷಮಾಗುಣವುಳ್ಳದ್ದು: ಕೊಬ್ಬು ಒಳಗೆಲ್ಲ ಹರಡಿರುತ್ತದೆ, ಕಾವು ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಕೆಡುವುದಿಲ್ಲ. ಎರಡೂವರೆ ಕಿಲೋ ತುಂಡು ಎಂಟು ಹತ್ತು ಜನಕ್ಕೆ ಸಾಕು. ಹಂದಿ ತಿನ್ನದವರು ಕುರಿಯ ಭುಜವನ್ನು ಇದೇ ಕ್ರಮದಲ್ಲಿ ಮಾಡಬಹುದು. ಊರಿನ ಮೇಕೆ ಮಾಂಸದಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಅದನ್ನು ಬೇಗನೆ ಸುತ್ತಿಬಿಡಬೇಕು. ಇಡೀ ದಿನ ಬಿಡುವಿಲ್ಲದವರಿಗೆ ಕೋಳಿಯ ತೊಡೆ ಇದೆ. ಅದರ ಮಾತು ಕೊನೆಯಲ್ಲಿ.

ಭುಜದಂತಹ ದುಡಿದ ಸ್ನಾಯುವಿನಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಸುಮಾರು 70 ಡಿಗ್ರಿ ದಾಟಿದ ಮೇಲೆ ಅದು ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ, ಕಾಲು ಸೂಪು ಆರಿದಾಗ ಗಟ್ಟಿಯಾಗಿಸುವ ಅದೇ ಅಂಟು. ಆರೋಗ್ಯದ ದೃಷ್ಟಿಯಿಂದ ಹಂದಿಯ ಇಡಿ ತುಂಡು 63 ಡಿಗ್ರಿಗೆ ಬೆಂದು ಮೂರು ನಿಮಿಷ ಕೂತರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆದರೆ ಭುಜವನ್ನು ಅಲ್ಲಿಗೇ ಇಳಿಸಿದರೆ ಚಪ್ಪಲಿ ಜಗಿದಂತಾಗುತ್ತದೆ. ಕೈಯಲ್ಲಿ ಎಳೆದರೆ ಎಳೆಎಳೆಯಾಗಿ ಬಿಡಬೇಕಾದರೆ ಒಳಗಿನ ಉಷ್ಣತೆ 93ರಿಂದ 95 ತಲುಪಬೇಕು.

ಹಿಂದಿನ ರಾತ್ರಿ

ಮಾಂಸದ ಮೇಲಿನ ಕೊಬ್ಬಿನ ಪದರವನ್ನು ಅರ್ಧ ಸೆಂಟಿಮೀಟರಿನಷ್ಟು ಉಳಿಸಿ ಮಿಕ್ಕಿದ್ದನ್ನು ಹರಿತವಾದ ಚಾಕುವಿನಿಂದ ತೆಗೆಯಬೇಕು. ಕಿಲೋಗೆ 10ರಿಂದ 12 ಗ್ರಾಂ ಲೆಕ್ಕದಲ್ಲಿ ಉಪ್ಪು ತೂಗಿ ಎಲ್ಲ ಕಡೆ ಸವರಿ, ಮುಚ್ಚದೆ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಟ್ರೇ ಮೇಲೆ ಇಡಬೇಕು. ರಾತ್ರಿಯೆಲ್ಲ ಉಪ್ಪು ಒಳಗಿಳಿಯುತ್ತದೆ, ಹೊರಮೈ ಒಣಗುತ್ತದೆ.

ಇಲ್ಲಿ ನಮ್ಮ ಕೈ ಸುಮ್ಮನಿರುವುದಿಲ್ಲ. ಶುಂಠಿ ಬೆಳ್ಳುಳ್ಳಿ ಪೇಸ್ಟು, ಮೊಸರು, ನಿಂಬೆರಸ ಹಾಕಲು ಹವಣಿಸುತ್ತದೆ. ದಯವಿಟ್ಟು ತಡೆದುಕೊಳ್ಳಿ. ಹೊಗೆಮಾಂಸದ ಮುಖ್ಯ ಸೊಗಸು ಅದರ ಕಪ್ಪುಗಂದು ಹೊರಪದರ. ಒದ್ದೆ ಮಸಾಲೆ ಮೆತ್ತಿದ ಮೈ ಒಣಗುವುದಕ್ಕೇ ಗಂಟೆಗಟ್ಟಲೆ ಹಿಡಿಯುವುದರಿಂದ ಆ ಪದರ ಕಟ್ಟುವುದಿಲ್ಲ. ಮಧ್ಯ ಟೆಕ್ಸಸ್‌ನ ರೂಢಿಯಂತೆ ಬೆಳಿಗ್ಗೆ ತರಿತರಿಯಾಗಿ ಕುಟ್ಟಿದ ಕಾಳುಮೆಣಸನ್ನು ಧಾರಾಳವಾಗಿ ಒತ್ತಿದರೆ ಸಾಕು. ಬೇಕಿದ್ದರೆ ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ ಸೇರಿಸಬಹುದು; ಈ ಕಾವಿನಲ್ಲಿ ಅದು ಸೀಯುವುದಿಲ್ಲ, ಬಣ್ಣ ಚೆನ್ನಾಗಿ ಬರುತ್ತದೆ.

ಆ ದಿನ

ಸಂಜೆ ಏಳಕ್ಕೆ ಊಟವೆಂದಾದರೆ ಬೆಳಿಗ್ಗೆ ಆರೂವರೆಗೆ ಬೆಂಕಿಯ ಕೆಲಸ ಶುರುವಾಗಬೇಕು. ಕೆಟಲ್‌ನ ಒಳಗೋಡೆಯ ಉದ್ದಕ್ಕೂ ಬ್ರಿಕೆಟ್‌ಗಳನ್ನು ಎರಡೆರಡು ಸಾಲಾಗಿ, ಮೇಲೆ ಮತ್ತೆರಡು ಸಾಲಾಗಿ, ಹಾವು ಸುತ್ತಿಕೊಂಡಂತೆ ಮುಕ್ಕಾಲು ವೃತ್ತದಷ್ಟು ಜೋಡಿಸಬೇಕು. ಒಂದು ತುದಿಯಿಂದ ಹೊತ್ತಿಕೊಂಡ ಬೆಂಕಿ ಗಂಟೆಗಟ್ಟಲೆ ಇನ್ನೊಂದು ತುದಿಯ ಕಡೆ ತೆವಳುತ್ತಾ ಹೋಗುತ್ತದೆ; ದೀಪಾವಳಿಯ ಪಟಾಕಿ ಸರದ ಬತ್ತಿಯೇ ಇದು, ಅವಸರ ಮಾತ್ರ ಇಲ್ಲ. ಈ ಸಾಲಿನ ಮೊದಲ ಅರ್ಧದ ಮೇಲೆ ಒಂದೊಂದು ಗೇಣು ಬಿಟ್ಟು ಮುಷ್ಟಿಗಾತ್ರದ ನಾಲ್ಕು ಸೌದೆ ತುಂಡುಗಳನ್ನು ಇಡಬೇಕು. ನಡುವಿನ ಖಾಲಿ ಜಾಗದಲ್ಲಿ ಬಿಸಿನೀರು ತುಂಬಿದ ಟ್ರೇ. ಅದು ಕಾವಿನ ಏರಿಳಿತವನ್ನು ನುಂಗಿಕೊಳ್ಳುತ್ತದೆ, ಗಾಳಿಗೆ ತೇವ ಕೊಡುತ್ತದೆ, ಜಿನುಗುವ ಕೊಬ್ಬನ್ನೂ ಹಿಡಿಯುತ್ತದೆ. ಚಿಮಣಿಯಲ್ಲಿ ಹತ್ತು ಬ್ರಿಕೆಟ್ ಮಾತ್ರ ಹೊತ್ತಿಸಿ, ಬೂದಿ ಕಟ್ಟಿದ ಮೇಲೆ ಇಕ್ಕಳದಿಂದ ಸಾಲಿನ ತುದಿಗೆ ಇಡಬೇಕು. ಗಾತ್ರ ಒಂದೇ ಸಮವಿಲ್ಲದ ಮರದ ಇದ್ದಿಲಿಗೆ ಈ ಹಾವಿನ ಸಾಲು ಒಗ್ಗದು. ಅದನ್ನು ಒಂದು ಬದಿಗೆ ಗುಡ್ಡೆ ಹಾಕಿ, ಮೇಲೆ ಹತ್ತು ಕೆಂಡ ಇಟ್ಟರೆ ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತದೆ.

ಮುಚ್ಚಳವನ್ನು, ಅದರ ಕಂಡಿ ಬೆಂಕಿಯ ಎದುರು ಬದಿಗೆ ಬರುವಂತೆ ಮುಚ್ಚಿ. ಆಗ ಹೊಗೆ ಮಾಂಸದ ಮೇಲೆ ಹಾದು ಹೋಗುತ್ತದೆ. ಮೇಲಿನ ಕಂಡಿಯನ್ನು ಪೂರ್ತಿ ತೆರೆದೇ ಇಟ್ಟು, ಕಾವನ್ನು ಕೆಳಗಿನ ಕಂಡಿಯಿಂದ ಮಾತ್ರ ನಿಯಂತ್ರಿಸಬೇಕು. ನನ್ನ ಮೊದಲ ವರ್ಷದ ಕಹಿಗೆಲ್ಲ ಕಾರಣ ಇದೇ ಆಗಿತ್ತು: ಹೊಗೆ ವ್ಯರ್ಥವಾಗಿ ಹೊರಗೆ ಹೋಗುತ್ತಿದೆಯಲ್ಲ ಎಂಬ ಜಿಪುಣತನದಿಂದ ನಾನು ಮೇಲಿನ ಕಂಡಿಯನ್ನು ಮುಚ್ಚಿಡುತ್ತಿದ್ದೆ. ಒಳಗೆ ಸಿಕ್ಕಿಕೊಂಡ ಹೊಗೆ ಹಳಸಿ, ಮಾಂಸದ ಮೇಲೆ ಅಡುಗೆಮನೆ ತೊಲೆಯ ಕಿಟ್ಟದಂತಹ ಕಪ್ಪು ಜಿಡ್ಡನ್ನು ಹಚ್ಚಿಬಿಡುತ್ತಿತ್ತು. ನಾಲಿಗೆಯ ತುದಿ ಜುಮ್ಮೆನ್ನುತ್ತಿತ್ತು. ಗಾಳಿ ಸಾಕಷ್ಟು ಸಿಕ್ಕಿದ ಬೆಂಕಿಯಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳು ಹೊರಡುತ್ತವೆ. ನಾವು ಹೊಗೆಯ ಪರಿಮಳ ಎನ್ನುವುದು ಬಹುಮಟ್ಟಿಗೆ ಅವುಗಳನ್ನೇ. ಹೊಗೆ ದಟ್ಟವಾಗಿದ್ದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ.

ಕೆಳಗಿನ ಕಂಡಿಯನ್ನು ಮೊದಲು ಅರ್ಧ ತೆರೆದು, ಜಾಲರಿಯ ಮಟ್ಟದಲ್ಲಿ 95 ಡಿಗ್ರಿ ಬಂದಾಗ ಕಾಲುಭಾಗಕ್ಕೆ ತರಬೇಕು. ಗುರಿ 115ರ ಆಸುಪಾಸು. 105ರಿಂದ 125ರ ನಡುವೆ ಎಲ್ಲಿದ್ದರೂ ಮುಟ್ಟಬೇಡಿ. ಒಮ್ಮೆ ಕಂಡಿಯನ್ನು ಸರಿಸಿದರೆ ಅದರ ಫಲ ಕಾಣಲು ಹದಿನೈದು ನಿಮಿಷ ಬೇಕು, ಅಲ್ಲಿಯ ತನಕ ಎರಡನೆಯ ಸಲ ಸರಿಸಬಾರದು. ಕಾವು ಏರಿಹೋದರೆ ಇಳಿಸುವುದು ಕಷ್ಟ, ಇಳಿದದ್ದನ್ನು ಏರಿಸುವುದು ಸುಲಭ. ಆದುದರಿಂದ ಕೆಳಗಿನಿಂದಲೇ ಗುರಿಯ ಕಡೆ ಬರಬೇಕು. ಚಳಿಗಿಂತ ಬಿರುಗಾಳಿ ಹೆಚ್ಚು ತೊಂದರೆ ಕೊಡುತ್ತದೆ, ಗ್ರಿಲ್ಲನ್ನು ಗೋಡೆಯಿಂದ ಸಾಕಷ್ಟು ದೂರವಿರಿಸಿ ಗಾಳಿಗೆ ಮರೆ ಮಾಡಿಕೊಳ್ಳಬೇಕು.

ಮೊದಲ ಹದಿನೈದು ನಿಮಿಷ ಬಿಳಿ ಹೊಗೆ ಬಂದೇ ಬರುತ್ತದೆ. ಅದು ತೆಳುವಾದ ಮೇಲಷ್ಟೇ ಮಾಂಸವನ್ನು ಜಾಲರಿಯ ನಡುವೆ, ನೀರಿನ ಟ್ರೇ ಮೇಲೆ ಬರುವಂತೆ ಇಟ್ಟು ಮುಚ್ಚಳ ಹಾಕಿ. ಫ್ರಿಜ್ಜಿನಿಂದ ನೇರವಾಗಿ ತಂದು ಇಡಬಹುದು. ತಣ್ಣನೆಯ, ತುಸು ತೇವದ ಮೈಗೆ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಇನ್ನು ಮೂರು ಗಂಟೆ ಮುಚ್ಚಳ ತೆರೆಯುವ ಕೆಲಸವಿಲ್ಲ. ಪ್ರತಿಸಲ ತೆರೆದಾಗ ಕಾವು ಹೊರಗೆ ಹೋಗುವುದಲ್ಲದೆ, ಹೊಸ ಗಾಳಿ ನುಗ್ಗಿ ಕೆಂಡ ಧಗಧಗಿಸುತ್ತದೆ. ಮುಚ್ಚಿದ ಮೇಲೆ ಕಾವು ಇದ್ದುದಕ್ಕಿಂತ ಮೇಲಕ್ಕೆ ಹೋಗುತ್ತದೆ.

ಉಷ್ಣತೆ ನಿಂತುಬಿಡುವ ಹೊತ್ತು

ಹನ್ನೊಂದು, ಹನ್ನೆರಡರ ಸುಮಾರಿಗೆ ಮಾಂಸದ ಒಳಗಿನ ಉಷ್ಣತೆ 65ರಿಂದ 70ರ ನಡುವೆ ಬಂದು ನಿಂತುಬಿಡುತ್ತದೆ. ಅರ್ಧ ಗಂಟೆ ಆಗುತ್ತದೆ, ಒಂದು ಗಂಟೆ ಆಗುತ್ತದೆ, ಮುಳ್ಳು ಕದಲುವುದಿಲ್ಲ. ಕೆಲವೊಮ್ಮೆ ಒಂದು ಡಿಗ್ರಿ ಕೆಳಗೂ ಇಳಿಯುತ್ತದೆ. ಹೊಸಬರು ಥರ್ಮಾಮೀಟರ್ ಕೆಟ್ಟಿತೆಂದು ತಿಳಿಯುವುದು, ಗಾಬರಿಯಿಂದ ಇದ್ದಿಲು ಸುರಿಯುವುದು, ಓವನ್ನಿಗೆ ಹಾಕುವುದು ಎಲ್ಲ ನಡೆಯುವುದು ಈ ಹೊತ್ತಿನಲ್ಲೇ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದು ಏಕೆಂದು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಮಾಂಸದ ಮೈಮೇಲೆ ಜಿನುಗುವ ನೀರು ಆವಿಯಾಗುತ್ತಾ, ಬೆಂಕಿ ಕೊಟ್ಟ ಶಾಖವನ್ನೆಲ್ಲ ತನ್ನೊಂದಿಗೆ ಒಯ್ಯುತ್ತಿರುತ್ತದೆ. ಅಮೆರಿಕದವರು ಇದನ್ನು ಸ್ಟಾಲ್ ಎನ್ನುತ್ತಾರೆ.

ಕಾಯುವುದು ಒಂದು ದಾರಿ, ಸುತ್ತುವುದು ಇನ್ನೊಂದು. ಹೊರಪದರ ಗಾಢವಾದ ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೂ ಕಿತ್ತುಬರದಂತಾಗಿದ್ದರೆ ಮಾಂಸವನ್ನು ಹೊರತೆಗೆದು ಫಾಯಿಲ್‌ನಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ ಮತ್ತೆ ಇಡಬಹುದು. ಆವಿಗೆ ಹೋಗಲು ದಾರಿಯಿಲ್ಲದೆ ಉಷ್ಣತೆ ಮತ್ತೆ ಏರತೊಡಗುತ್ತದೆ. ಫಾಯಿಲ್‌ನಲ್ಲಿ ಹೊರಪದರ ಸ್ವಲ್ಪ ಮೆತ್ತಗಾಗುತ್ತದೆ, ಬುಚರ್ ಪೇಪರ್ ಒಂದಿಷ್ಟು ಉಸಿರಾಡುವುದರಿಂದ ಪದರ ಉಳಿಯುತ್ತದೆ, ಸಮಯ ಹೆಚ್ಚು ಬೇಕು. ಮೊದಲ ಸಲ ಫಾಯಿಲ್ಲೇ ಇರಲಿ; ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ, ಒಳಗೆ ಸೇರಿದ ರಸವೂ ಕೈಗೆ ಸಿಗುತ್ತದೆ. ಸುತ್ತಿದ ಮೇಲೆ ಹೊಗೆ ಒಳಗೆ ಹೋಗುವುದಿಲ್ಲವಾದ್ದರಿಂದ ಇನ್ನು ಸೌದೆ ಇಡುವುದು ದಂಡ.

ಎರಡೂವರೆ ಕಿಲೋ ತುಂಡಿಗೆ ಒಟ್ಟು ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. 93 ಡಿಗ್ರಿ ತೋರಿಸಿದ ಮೇಲೆ ಸಂಖ್ಯೆಯನ್ನು ಬಿಟ್ಟು ಕೈಯನ್ನು ನಂಬಬೇಕು. ಥರ್ಮಾಮೀಟರಿನ ಮೊನೆಯನ್ನು ನಾಲ್ಕೈದು ಕಡೆ ಚುಚ್ಚಿ ನೋಡಿ. ಮೆತ್ತನೆಯ ಬೆಣ್ಣೆಯಲ್ಲಿ ಇಳಿದಂತೆ ತಡೆಯಿಲ್ಲದೆ ಇಳಿದರೆ ಆಯಿತು. ಭುಜದ ಮೂಳೆಯನ್ನು ಹಿಡಿದು ಅಲ್ಲಾಡಿಸಿದರೆ ಸಡಿಲವಾಗಿ ತಿರುಗುತ್ತದೆ. ಇಳಿಸಿದ ಕೂಡಲೇ ಕೊಯ್ಯಬಾರದು. ಸುತ್ತಿದ ಹಾಗೆಯೇ ಹಳೆಯ ಟವೆಲ್ಲಿನಲ್ಲಿ ಮುಚ್ಚಿ, ಐಸ್ ಹಾಕದ ಐಸ್‌ಬಾಕ್ಸಿನಲ್ಲಿ ಕನಿಷ್ಠ ಒಂದು ಗಂಟೆ ಇಡಬೇಕು. 60 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಎರಡು ಮೂರು ಗಂಟೆ ಇದ್ದರೂ ತೊಂದರೆಯಿಲ್ಲ. ಆಮೇಲೆ ಕೈಯಲ್ಲಿ ಬಿಡಿಸಿ, ಫಾಯಿಲ್‌ನ ರಸವನ್ನು ಅದರ ಮೇಲೆಯೇ ಹೊಯ್ದು ಕಲಸಬೇಕು. ಉತ್ತರ ಕ್ಯಾರೊಲೈನಾದ ಪೂರ್ವಭಾಗದಲ್ಲಿ ಇದಕ್ಕೆ ವಿನೆಗರ್ ಮತ್ತು ಒಣಮೆಣಸಿನ ತೆಳ್ಳನೆಯ ಸಾಸ್ ಹಾಕುತ್ತಾರೆ. ನಮ್ಮಲ್ಲಿ ಅದರ ಜಾಗಕ್ಕೆ ಕೊಡಗಿನ ಕಾಚಂಪುಳಿ ಒಂದು ಚಮಚ ಸಾಕು. ಕೊಬ್ಬಿನ ಭಾರವನ್ನು ಹುಳಿ ಹೇಗೆ ಕತ್ತರಿಸುತ್ತದೆ ಎಂಬುದು ಪಂದಿ ಕರಿ ತಿಂದವರಿಗೆ ಗೊತ್ತೇ ಇದೆ.

ಕೋಳಿ, ಮತ್ತು ಕೆಂಪು ಬಣ್ಣದ ತಕರಾರು

ಕೋಳಿಯಲ್ಲಿ ಕರಗಬೇಕಾದ ನಾರು ಹೆಚ್ಚಿಲ್ಲ, ಹೀಗಾಗಿ ದಿನಗಟ್ಟಲೆ ಕಾಯುವ ಕೆಲಸವೂ ಇಲ್ಲ. ಸಣ್ಣ ಕಾವಿನಲ್ಲಿ ಅದರ ಚರ್ಮ ರಬ್ಬರಿನಂತಾಗುವುದರಿಂದ ಸ್ಮೋಕರನ್ನು 140ರಿಂದ 150 ಡಿಗ್ರಿಗೆ ಏರಿಸಿ, ಒಂದೇ ತುಂಡು ಸೌದೆ ಹಾಕಿ, ಚರ್ಮಸಹಿತ ತೊಡೆಗಳನ್ನು ಒಂದೂಕಾಲರಿಂದ ಒಂದೂವರೆ ಗಂಟೆ ಇಟ್ಟರೆ ಸಾಕು. ಮೂಳೆಯ ಪಕ್ಕದಲ್ಲಿ 74 ಡಿಗ್ರಿ ಕನಿಷ್ಠ. ತೊಡೆಗೆ 80 ದಾಟಿದರೆ ಇನ್ನೂ ರುಚಿ.

ಊರಿನಿಂದ ಬಂದಿದ್ದ ನನ್ನ ಅತ್ತೆಯವರು ಮೊದಲ ತುಂಡನ್ನು ಮುರಿದು ನೋಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಒಳಗೆಲ್ಲ ಕೆಂಪಗಿದೆಯಲ್ಲಪ್ಪ, ಇದು ಬೆಂದೇ ಇಲ್ಲ." ನಾನು ಇನ್ನೊಂದು ತುಂಡಿಗೆ ಥರ್ಮಾಮೀಟರ್ ಚುಚ್ಚಿ 82 ಎಂದು ತೋರಿಸಿದೆ. ಅವರು ಅಂಕಿಯನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು, "ನಿಮ್ಮ ಮಿಷನ್ನಿಗೇನು ಗೊತ್ತು" ಎಂದು ಮೊಸರನ್ನ ಕಲಸಿಕೊಂಡರು. ಅವರ ಅನುಮಾನ ಸಹಜವಾದದ್ದೇ. ಸೌದೆ ಉರಿಯುವಾಗ ಹೊರಡುವ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ, ಬೇಯಿಸಿದರೂ ಮಾಸದ ಗುಲಾಬಿ ಬಣ್ಣವನ್ನು ಹೊರಪದರದ ಕೆಳಗೆ ನಿಲ್ಲಿಸುತ್ತದೆ. ಹಂದಿ, ದನದ ಮಾಂಸದಲ್ಲಿ ಇದೇ ಗುಲಾಬಿ ಉಂಗುರವನ್ನು ಜನ ಹೆಮ್ಮೆಯಿಂದ ಫೋಟೋ ತೆಗೆದು ತೋರಿಸುತ್ತಾರೆ. ಹೊಗೆ ಕೊಟ್ಟ ಮಾಂಸ ಬೆಂದಿದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಉಷ್ಣತೆಯೊಂದೇ, ಬಣ್ಣವಲ್ಲ.

ಬಿಡಲೇಬಾರದ ಎಚ್ಚರಿಕೆಗಳು

ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆ ಬಂತೆಂದು ಗ್ರಿಲ್ಲನ್ನು ಗ್ಯಾರೇಜಿನೊಳಗೆ, ಗಾಜು ಮುಚ್ಚಿದ ಬಾಲ್ಕನಿಗೆ ಅಥವಾ ಅಡುಗೆಮನೆಗೆ ತರಬಾರದು, ಬಾಗಿಲು ತೆರೆದಿಟ್ಟರೂ ಸರಿ, ಆರುತ್ತಿರುವ ಕೆಂಡವಾದರೂ ಸರಿ. ಅಮೆರಿಕದ ಹಲವು ಊರುಗಳಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಅಥವಾ ಮರದ ಕಟ್ಟಡದಿಂದ ಸುಮಾರು 3 ಮೀಟರ್ ಒಳಗೆ ಇದ್ದಿಲಿನ ಗ್ರಿಲ್ ಹಚ್ಚುವಂತಿಲ್ಲವೆಂಬ ನಿಯಮವಿದೆ. ಬಾಡಿಗೆ ಕರಾರನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಮಾಂಸ 4ರಿಂದ 60 ಡಿಗ್ರಿಯ ನಡುವೆ ಇರುವಷ್ಟು ಹೊತ್ತೂ ರೋಗಾಣುಗಳು ಬೆಳೆಯುತ್ತಿರುತ್ತವೆ. ಆದುದರಿಂದ ಹಸಿ ಮಾಂಸ ಮುಟ್ಟಿದ ಟ್ರೇ ಮತ್ತು ಇಕ್ಕಳವನ್ನು ತೊಳೆಯದೆ ಬೆಂದ ಮಾಂಸಕ್ಕೆ ಬಳಸಬಾರದು. ಥರ್ಮಾಮೀಟರಿನ ಮೊನೆಯನ್ನೂ ಹಾಗೆಯೇ, ಜನ ಮರೆಯುವುದು ಹೆಚ್ಚಾಗಿ ಇದನ್ನೇ. ಬಡಿಸಿ ಉಳಿದದ್ದನ್ನು ಎರಡು ಗಂಟೆಯೊಳಗೆ ಚಿಕ್ಕ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಸೇರಿಸಿ ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು, ತಿನ್ನುವ ಮುನ್ನ 74 ಡಿಗ್ರಿಗೆ ಬಿಸಿ ಮಾಡಬೇಕು. ಫ್ರೀಜರಿನಲ್ಲಾದರೆ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಮೂಳೆಯನ್ನು ಎಸೆಯಬೇಡಿ, ಮಾರನೆಯ ದಿನದ ಹುರುಳಿ ಸಾರಿಗೆ ಅದನ್ನು ಹಾಕಿ ಕುದಿಸಿದರೆ ಒಲೆಯ ಮೇಲಿನ ಹಳೆಯ ಮಡಕೆಯ ವಾಸನೆ ಬರುತ್ತದೆ.

ಅಡುಗೆ ಮುಗಿದ ಮೇಲೆ ಎರಡೂ ಕಂಡಿಗಳನ್ನು ಪೂರ್ತಿ ಮುಚ್ಚಿದರೆ ಗಾಳಿಯಿಲ್ಲದೆ ಬೆಂಕಿ ನಂದುತ್ತದೆ, ಉಳಿದ ಇದ್ದಿಲು ಮುಂದಿನ ವಾರಕ್ಕೆ ಒದಗುತ್ತದೆ. ಬೂದಿಯನ್ನು ಮಾತ್ರ ಅಂದೇ ಎತ್ತಬೇಡಿ. ಮೇಲೆ ತಣ್ಣಗೆ ಕಂಡರೂ ಒಳಗಿನ ಕಿಡಿ ಒಂದೆರಡು ದಿನ ಬದುಕಿರಬಲ್ಲದು. ಎರಡು ದಿನ ಬಿಟ್ಟು, ಲೋಹದ ಡಬ್ಬಿಗೆ ಹಾಕಿ, ನೀರು ಚಿಮುಕಿಸಿ ಕಲಕಿ, ಕೈಯನ್ನು ಮೇಲೆ ಹಿಡಿದು ಬಿಸಿಯಿಲ್ಲವೆಂದು ಖಚಿತವಾದ ಮೇಲೆಯೇ ಕಸಕ್ಕೆ ಹಾಕಬೇಕು.